ಓತಿಕ್ಯಾತಕ್ಕೆ ಹೋದ ಮೂರು ಫೋಟೋ

ಮೊದಲೇ ಹೇಳಿಬಿಡುತ್ತೇನೆ, ಇದು ಪ್ರವಾಸದ ಪೋಸ್ಟ್ ಅಲ್ಲ. 'ವಾವ್, ಎಂಥಾ ಜಾಗ!' ಎಂದು ಕಾಮೆಂಟ್ ಹಾಕುವವರು ಪೂರ್ತಿ ಓದಿ ಆಮೇಲೆ ಹಾಕಿ.

ಎಪ್ಪತ್ತರ ದಶಕದ ನಡುವಿನ ಮಾತು. ಹ್ಯೂಸ್ಟನ್ನಿನ ಅಪಾರ್ಟ್‌ಮೆಂಟಿನಲ್ಲಿ ನಾವು ಮೂವರು. ಅಪ್ಪ ವಿಜಾಪುರದವರು, ತೈಲ ಕಂಪನಿಯಲ್ಲಿ ಇಂಜಿನಿಯರ್. ಮೇಲಿನ ಮನೆಯಲ್ಲಿ ಒಬ್ಬ ಇರಾನಿ ವಿದ್ಯಾರ್ಥಿ. ನನಗೆ ಗಣಿತ ಹೇಳಿಕೊಡುತ್ತಿದ್ದ. ಅಮ್ಮನ ಎಣ್ಣೆಗಾಯಿಯನ್ನು ತಟ್ಟೆ ಒರೆಸಿ ತಿನ್ನುತ್ತಿದ್ದ. ತನ್ನ ದೇಶದ ದೊರೆಯ ವಿರುದ್ಧ ಇಲ್ಲಿ ಮೆರವಣಿಗೆಯಲ್ಲಿ ಕೂಗಿದ್ದರಿಂದ ಊರಿಗೆ ಕಾಲಿಟ್ಟರೆ ಜೈಲು. ತಾಯಿಯ ಮುಖ ನೋಡಿ ಐದು ವರ್ಷವಾಗಿತ್ತು.

ಆ ಬೇಸಿಗೆ ಭಾರತಕ್ಕೆ ಹೊರಟಾಗ, ದಾರಿಯಲ್ಲಿ ಇರಾನಿನಲ್ಲಿ ನಾಲ್ಕು ದಿನ ಇಳಿಯಲೇಬೇಕೆಂದು ಅಪ್ಪ ಹಟ ಹಿಡಿದರು. ಕಾರಣ ಗುಮ್ಮಟ. ಗೋಲಗುಮ್ಮಟದ ನೆರಳಲ್ಲಿ ಬೆಳೆದ ಮನುಷ್ಯ. ಅದರ ಮುತ್ತಜ್ಜನಂಥ ಗುಮ್ಮಟಗಳು ಫಿರೂಜಾಬಾದಿನಲ್ಲಿ, ಹಳೆಯ ಪರ್ಶಿಯಾದ ದೊರೆಯೊಬ್ಬನ ಅರಮನೆಯಲ್ಲಿವೆ ಎಂದು ಓದಿದ್ದರು. ಮೇಲಿನ ಮನೆಯವನ ಹಳ್ಳಿ ಅದರ ಪಕ್ಕದ್ದೇ.

ಅವನು ಕೇಳಿದ್ದು ಒಂದೇ. "ಅಮ್ಮನ ಮೂರು ಫೋಟೋ ತೆಗೆದುಕೊಂಡು ಬನ್ನಿ. ಅಪರಿಚಿತರ ಕ್ಯಾಮೆರಾ ಮುಂದೆ ಅವಳು ನಿಲ್ಲುವವಳಲ್ಲ. ನೀವು ನನ್ನ ಮನೆಯಿಂದ ಬಂದವರು ಅಂದರೆ ನಿಲ್ಲುತ್ತಾಳೆ."

ಶಿರಾಜಿನಿಂದ ಟ್ಯಾಕ್ಸಿ. ಚಾಲಕನಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಬೆಳಿಗ್ಗೆ ಅರಮನೆ ತಲುಪಿದೆವು. ಒರಟು ಕಲ್ಲು, ಆನೆ ನುಗ್ಗಿದರೂ ಅಲುಗದಂಥ ಗೋಡೆ, ಬಾಗಿಲಿಗೆ ದೊಡ್ಡ ಕಮಾನು, ಎದುರಿಗೆ ಬುಗ್ಗೆಯ ನೀರು ತುಂಬಿದ ದುಂಡನೆಯ ಕೊಳ. ಅಪ್ಪ ಗುಮ್ಮಟದ ಕೆಳಗೆ ನಿಂತು ಚಪ್ಪಾಳೆ ತಟ್ಟಿದರು, "ನಮ್ಮದರಂಗ ಏಳು ಸಲ ದನಿ ಬರೂದಿಲ್ಲ ಬಿಡು" ಎಂದು ಹೆಮ್ಮೆಪಟ್ಟರು, ಸ್ಲೈಡ್ ಫಿಲ್ಮನ್ನು ನೀರಿನಂತೆ ಖರ್ಚು ಮಾಡಿದರು. ಅವನ ತಾಯಿ ಅಲ್ಲಿಗೇ ಬರುತ್ತೇನೆಂದು ಹೇಳಿಕಳಿಸಿದ್ದು ಮಧ್ಯಾಹ್ನಕ್ಕೆ. ಅಷ್ಟರೊಳಗೆ ಅರಮನೆ ಕಟ್ಟಿಸಿದ ಅದೇ ದೊರೆಯ ಬೆಟ್ಟದ ಕೋಟೆ ನೋಡಿಬರೋಣವೆಂದು ಹೊರಟೆವು.

ಏರು ಜೋರಾಗಿತ್ತು. ಸೀರೆಯುಟ್ಟ ಅಮ್ಮನ ಕೈಹಿಡಿಯಲು ಅಪ್ಪ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿದರು. "ಮೂರ ಉಳದಾವ. ಆ ತಾಯಿಗಿ ಇಟ್ಟೀನಿ. ಮುಟ್ಟಬ್ಯಾಡ."

ನನಗೆ ಹನ್ನೊಂದು ವರ್ಷ. ಮುಟ್ಟಿದೆ.

ಮುರಿದ ಗೋಡೆಯ ಮೇಲೆ ಒಂದು ಓತಿಕ್ಯಾತ ಕೂತಿತ್ತು. ಗಂಟಲು ಉಬ್ಬಿಸುತ್ತಾ ನನ್ನನ್ನೇ ನೋಡುತ್ತಿತ್ತು. ಒಂದು ತೆಗೆದೆ. ಅಲುಗಾಡಿತೇನೋ ಎಂದು ಇನ್ನೊಂದು. ಆಮೇಲೆ, ಎರಡು ಹೋದಮೇಲೆ ಮೂರನೆಯದ್ದೇನು ಎಂದು, ಕಲ್ಲಿನ ಮೇಲೆ ಬಿದ್ದ ನನ್ನದೇ ನೆರಳನ್ನು ತೆಗೆದೆ. ಬೇಕೆಂದೇ ತೆಗೆದದ್ದು. ಮಗು, ಪಾಪ, ಗೊತ್ತಾಗಲಿಲ್ಲ ಎನ್ನಬೇಡಿ.

ಇಳಿದುಬಂದಾಗ ಆಕೆ ಕೊಳದ ದಂಡೆಯಲ್ಲಿ ನಿಂತಿದ್ದರು. ತಲೆಗೆ ಹೂವಿನ ವಸ್ತ್ರ. ಕೈಯಲ್ಲಿ ಗಂಟು, ಅದರಲ್ಲಿ ಎರಡನೆಯ ಫೋಟೋಗೆಂದು ಇನ್ನೊಂದು ವಸ್ತ್ರ. ಅಪ್ಪ ಕ್ಯಾಮೆರಾ ಎತ್ತಿ ಫಿಲ್ಮ್ ಸರಿಸಲು ನೋಡಿದರು. ಸರಿಯಲಿಲ್ಲ. ನನ್ನ ಕಡೆ ನೋಡಿದರು. ನಾನು ಕೊಳ ನೋಡಿದೆ.

"ಫಿಲ್ಮ್ ಮುಗದೈತಿ," ಅಂದರು ಅಪ್ಪ, ಕನ್ನಡದಲ್ಲಿ.

"ಅಕಿ ಮುಂದ ಮುಗದೈತಿ ಅನಬ್ಯಾಡ್ರಿ! ಹಬ್ಬಕ್ಕ ಬಂದಂಗ ಬಂದಾಳ," ಎಂದಳು ಅಮ್ಮ.

ನಮ್ಮ ಮನೆಯಲ್ಲಿ ಅಕ್ಕಿ ಮುಗಿದರೂ 'ತುಂಬಿದೆ' ಎನ್ನಬೇಕು. ಕುಂಕುಮ ಮುಗಿದರಂತೂ ಬಾಯಿ ಬಿಡುವಂತಿಲ್ಲ. ಶುಭಕ್ಕೆ ನಿಂತವರ ಎದುರು ಆ ಮಾತು ಅಮ್ಮನ ಪಾಲಿಗೆ ಬೈಗುಳಕ್ಕಿಂತ ಕೆಟ್ಟದ್ದು.

"ಮತ್ತೇನ ಮಾಡ್ಲಿ?"

"ತೆಗದಂಗ ಮಾಡ್ರಿ. ಶಿರಾಜಿನಾಗ ಫಿಲ್ಮ್ ತಗೊಂಡು ನಾಳೆ ಬರೂಣು."

"ನಾಳೆ ಮುಂಜಾನೆ ವಿಮಾನ ಐತಲ್ಲ!"

ಅಪ್ಪ ಖಾಲಿ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು, ನಾಲಗೆಯಿಂದ 'ಟಕ್' ಎಂದರು. ಆಕೆ ವಸ್ತ್ರ ಬದಲಿಸಿ ಕಮಾನಿನ ಕೆಳಗೆ ನಿಂತರು. ಟಕ್. ಮೂರನೆಯದಕ್ಕೆ ಕ್ಯಾಮೆರಾದ ಹತ್ತಿರ ಬಂದು, ಗಾಜಿನೊಳಗೆ ಮಗನಿದ್ದಾನೆ ಎಂಬಂತೆ ಏನೋ ಹೇಳಿದರು.

"ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತಿದ್ದಾರೆ ಮಗನಿಗೆ," ಎಂದು ಚಾಲಕ ನಕ್ಕ. ಟಕ್.

ಕಾರಿನಲ್ಲಿ ಅಪ್ಪ ಬೈಯಲಿಲ್ಲ. "ಏನ ತೆಗದಿ?" ಎಂದಷ್ಟೇ ಕೇಳಿದರು.

"ಎ ಲಿಜರ್ಡ್."

"ಮೂರೂ?"

"ಟೂ. ಒನ್ ಈಸ್ ಮೈ ಶ್ಯಾಡೋ."

"ಭಾಳ ಚಂದ ಆತು," ಎಂದಳು ಅಮ್ಮ ಕಿಟಕಿಯ ಕಡೆ ತಿರುಗಿ.

ಹ್ಯೂಸ್ಟನ್ನಿಗೆ ಮರಳಿದ ಮೇಲೆ ಸ್ಲೈಡ್ ಶೋ. ಆಗ ಊರಿಂದ ಬಂದವರ ಮನೆಯಲ್ಲಿ ಅದೊಂದು ವ್ರತವಿದ್ದಂತೆ. ಗೋಡೆಗೆ ಬಿಳಿ ಚಾದರ, ಆಸ್ಟಿನ್, ಡಲ್ಲಾಸ್‌ನಿಂದೆಲ್ಲ ಡ್ರೈವ್ ಮಾಡಿಕೊಂಡು ಬಂದ ಅಂಕಲ್ ಆಂಟಿಯರು, ಬಜ್ಜಿ. ಮೇಲಿನ ಮನೆಯವನು ಇಸ್ತ್ರಿ ಮಾಡಿದ ಅಂಗಿ ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದ. ಓತಿಕ್ಯಾತಗಳನ್ನೂ ನೆರಳನ್ನೂ ಅಪ್ಪ ಮೊದಲೇ ತೆಗೆದಿಟ್ಟಿದ್ದರು.

"ನಿಮ್ಮ ತಾಯಿಯ ಫೋಟೋಗಳು ಲ್ಯಾಬಿನಲ್ಲಿ ಹಾಳಾದವು," ಎಂದರು ಅಪ್ಪ, ಪ್ರೊಜೆಕ್ಟರಿನ ಕಡೆಗೇ ನೋಡುತ್ತಾ.

ಅವನು ಅರಮನೆಯ ಸ್ಲೈಡನ್ನು ಮತ್ತೊಮ್ಮೆ ಹಾಕಲು ಹೇಳಿದ. ಎದ್ದು ಚಾದರದ ಹತ್ತಿರ ಹೋದ. "ಎಲ್ಲಿ ನಿಂತಿದ್ದಳು?"

ಅಪ್ಪ ಕೊಳದ ದಂಡೆಯ ಮೇಲೆ ಬೆರಳಿಟ್ಟು ತೋರಿಸಿದರು. ಅವನು ಅಲ್ಲಿ ಅಂಗೈ ಊರಿ ನಿಂತ. ಅರಮನೆಯ ಕಮಾನು ಅವನ ಬೆನ್ನ ಮೇಲೆ ಬಿತ್ತು. "ಏ, ಸ್ವಲ್ಪ ಸರಿಯಪ್ಪಾ, ಕಾಣಿಸ್ತಾ ಇಲ್ಲ," ಎಂದರು ಹಿಂದಿನಿಂದ ಒಬ್ಬ ಅಂಕಲ್. ನಾನು ಬಜ್ಜಿ ತಿನ್ನುತ್ತಿದ್ದೆ. ಹೇಳಬಹುದಿತ್ತು. ಹೇಳಲಿಲ್ಲ.

ಆ ದೇಶದ ದೊರೆ ಓಡಿಹೋಗಿ ಊರಿನ ದಾರಿ ತೆರೆಯುವ ಮೊದಲೇ ಮೇಲಿನ ಮನೆಯವನ ತಾಯಿ ತೀರಿಕೊಂಡರು. ನನ್ನ ಅಪ್ಪ ಅಮ್ಮನೂ ಈಗಿಲ್ಲ. ಹೋದ ತಿಂಗಳು ಡಲ್ಲಾಸ್ ಹತ್ತಿರದ ಫ್ಲವರ್ ಮೌಂಡಿನ ನಮ್ಮ ಗ್ಯಾರೇಜಿನಲ್ಲಿ ಮಗಳಿಗೆ ಆ ಸ್ಲೈಡುಗಳು ಸಿಕ್ಕವು. "ಮಾಮ್, ವೈ ಡು ವಿ ಹ್ಯಾವ್ ಎ ಲಿಜರ್ಡ್?" ಎಂದಳು. ಆ ದಿನವೇ ಅವನಿಗೆ ಫೋನ್ ಮಾಡಿದೆ. ನಿವೃತ್ತನಾಗಿ ಆಸ್ಟಿನ್‌ನಲ್ಲಿದ್ದಾನೆ. ಎಲ್ಲ ಹೇಳಿದೆ, ನಾಲಗೆಯ ಟಕ್ ಸಮೇತ.

ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಕೇಳಿದ್ದು, "ಹಾಗಾದರೆ ನೀನು ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದೀಯ. ಮುಖ ಹೇಗಿತ್ತು? ಬಡವಾಗಿದ್ದಳಾ?"

ಓತಿಕ್ಯಾತದ ಗಂಟಲಿನ ಒಂದೊಂದು ಚುಕ್ಕೆಯೂ ನನಗೆ ನೆನಪಿದೆ. ಆಕೆಯ ಮುಖ ನೆನಪಿಲ್ಲ. ಅಪರಾಧಿಯ ಹಾಗೆ ತಲೆ ಎತ್ತಲಾರದೆ ಪೂರ್ತಿ ಹೊತ್ತು ನಾನು ಕೆಳಗೇ ನೋಡುತ್ತಿದ್ದೆ.

"ಪ್ಲಾಸ್ಟಿಕ್ ಶೂ ಹಾಕಿದ್ದರು," ಎಂದೆ. "ತೊಳೆದುಕೊಂಡು ಬಂದಿದ್ದರು. ಇನ್ನೂ ಒದ್ದೆಯಿತ್ತು."

"ಒದ್ದೆ ಶೂ," ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ, "ಆ ಓತಿಕ್ಯಾತ ಕಳಿಸು. ಅವಳ ಜಾಗಕ್ಕೆ ಯಾರು ಬಂದರು ಅಂತ ನೋಡೋಣ," ಎಂದ.

ಮಗಳು ಸ್ಕ್ಯಾನ್ ಮಾಡಿಕೊಟ್ಟು ಮೂರು ವಾರವಾಯಿತು. ನಿಮಗೆಲ್ಲ ಇಷ್ಟುದ್ದ ಬರೆದು ಹಾಕಿದೆ ನೋಡಿ. ಅವನಿಗೆ ಮಾತ್ರ ಇನ್ನೂ ಕಳಿಸಿಲ್ಲ.