ಕಾಡೆಮ್ಮೆಯ ಕರು ಮತ್ತು ಪೂರ್ಣಾಂಕ

ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆ, ಏಕೆಂದರೆ ನನ್ನ ಪ್ರೋಗ್ರಾಂ ನಿಂತುಹೋಗುವ ಮೊದಲು ಸಮಯವನ್ನು ಬರೆದಿಟ್ಟಿತ್ತು. ಅವತ್ತು ಅದು ಸರಿಯಾಗಿ ಮಾಡಿದ್ದು ಅದೊಂದೇ ಕೆಲಸ.

ಕೋತಗಿರಿ ಕಡೆಯ ಕಟ್ಟಬೆಟ್ಟಿನ ಹತ್ತಿರ ನಮ್ಮ ಹಟ್ಟಿ, ಎಂದರೆ ಊರು. ಟೀ ಎಲೆ ತೂಗುವ ಲೀಫ್ ಶೆಡ್ಡು ದಿಣ್ಣೆಯ ಮೇಲಿರುವುದರಿಂದ, ಕಾಡೆಮ್ಮೆಗಳು ತೋಟಕ್ಕೆ ಇಳಿದರೆ ಮೊದಲು ಕಾಣುವುದು ಅಲ್ಲಿ ತೂಗುವ ಭೋಜಣ್ಣನಿಗೆ. ಅದಕ್ಕೇ ಶೆಡ್ಡಿನ ಹಳೆಯ ಕಂಪ್ಯೂಟರಿಗೆ ನಾನು ಪೈಥಾನಿನಲ್ಲಿ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ‘ಎಷ್ಟು?’ ಎಂದು ಅದು ಕೇಳುತ್ತದೆ. ಕಂಡ ಕಾಡೆಮ್ಮೆಗಳ ಸಂಖ್ಯೆ ಒತ್ತಿದರೆ ಸೂರಿನ ಮೇಲಿನ ಸೈರನ್ ಅಷ್ಟು ಸಲ ಕೂಗುತ್ತದೆ. ತೋಟದಲ್ಲಿದ್ದವರು ಕತ್ತರಿ ಬಿಟ್ಟು ಮೇಲೆ ಬರುತ್ತಾರೆ.

ಪೈಥಾನ್ ಮಕ್ಕಳಿಗೂ ಬರುವ ಭಾಷೆ ಎನ್ನುತ್ತಾರೆ. ಆದರೂ ಕೀಲಿಮಣೆಯಿಂದ ಬಂದದ್ದೆಲ್ಲ ಅದಕ್ಕೆ ಬರೀ ಅಕ್ಷರ. ನೀವು ಒತ್ತಿದ 3 ಮೂರಲ್ಲ, ಮೂರರ ಚಿತ್ರ. ಅದನ್ನು ಸಂಖ್ಯೆಯಾಗಿ ಮಾಡುವ ಹೊಣೆ ಬರೆದವರದು. ಕಾಲೇಜಿನ ಲೆಕ್ಕಗಳ ಕೆಳಗೆಲ್ಲ ಒಂದು ಸಾಲು ಇರುತ್ತಿತ್ತು: ‘ಬಳಸುವವರು ಸರಿಯಾದ ಪೂರ್ಣಾಂಕವನ್ನೇ ಕೊಡುತ್ತಾರೆಂದು ಭಾವಿಸಿ.’ ನಾನು ಮೂರು ವರ್ಷ ಭಕ್ತಿಯಿಂದ ಭಾವಿಸಿ ಒಳ್ಳೆಯ ಅಂಕ ತೆಗೆದೆ. ಆ ಬಳಸುವವರು ಯಾವ ಊರಿನವರೋ, ನಮ್ಮೂರಿನವರಂತೂ ಅಲ್ಲ.

ಅವತ್ತು ಇಳಿದದ್ದು ಎರಡು ದೊಡ್ಡವು, ಒಂದು ಕರು. ಭೋಜಣ್ಣ 2.5 ಎಂದು ಒತ್ತಿದ.

ಹತ್ತಾರು ವರ್ಷ ಎಲೆ ತೂಗಿದ ಕೈ ಅದು. ಅರ್ಧ ಕಿಲೋ ಬಿಟ್ಟು ಬರೆದ ಅಭ್ಯಾಸವೇ ಇಲ್ಲ. ಪೂರ್ಣಾಂಕವನ್ನಷ್ಟೇ ಬಲ್ಲ ನನ್ನ ಪ್ರೋಗ್ರಾಂ ಕೆಂಪಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೋ ಒದರಿ ಪ್ರಾಣ ಬಿಟ್ಟಿತು. ಗುಂಡಿ ಒತ್ತಿದ್ದಾಯಿತಲ್ಲ, ಇನ್ನು ಅದೇ ಕೂಗುತ್ತದೆ ಎಂದು ಭೋಜಣ್ಣ ತಕ್ಕಡಿಯತ್ತ ತಿರುಗಿದ.

ನಾನು ಮೇಲಿನ ದಾರಿಯಲ್ಲಿ ಬಸ್ಸಿಗೆ ನಿಂತಿದ್ದೆ. ಕೆಳಗೆ ನನ್ನ ಮಾಮಿ, ಎಂದರೆ ಅಪ್ಪನ ತಂಗಿ, ಬಗ್ಗಿ ಎಲೆ ಕತ್ತರಿಸುತ್ತಿದ್ದಳು. ಅವಳ ಹಿಂದೆ ಟೀ ಗಿಡಗಳ ಮೇಲೆ ಕಪ್ಪು ಬೆನ್ನೊಂದು ತೇಲಿಬಂತು. ಸೈರನ್ ಈಗ ಕೂಗುತ್ತದೆ, ಈಗ ಕೂಗುತ್ತದೆ ಎಂದು ಕಾದೆ. ನನ್ನದೇ ಪ್ರೋಗ್ರಾಂ ನೋಡಿ, ನಂಬಿಕೆ ಜಾಸ್ತಿ! ಕೊನೆಗೆ ಕಿರುಚಿದೆ. ಮಾಮಿ ತಿರುಗಿದಳು, ಚೀಲ ಎಸೆದಳು, ಸಾಲುಗಳ ನಡುವಿನ ನೀರ್ಗಾಲುವೆಗೆ ಉರುಳಿದಳು. ತಾಯಿ ಕಾಡೆಮ್ಮೆ ಆ ಚೀಲವನ್ನು ಕೊಂಬಿನಲ್ಲೆತ್ತಿ ಬಡಿದು, ತುಳಿದು, ಕರುವಿನ ಹಿಂದೆ ಕಾಡಿಗಿಳಿಯಿತು. ಮಾಮಿಗೆ ಮೊಣಕೈ ತರಚಿತ್ತು, ಅಷ್ಟೆ. ಶೆಡ್ಡಿನಿಂದ ಓಡಿಬಂದ ಭೋಜಣ್ಣನನ್ನು, ಒತ್ತಿದ್ದು ಎಷ್ಟೆಂದು ಕೇಳಿದೆ.

“ಕರುವುಗ ಅರೆ ತಾನೆ ಅಮ್ಮಾ? ಬಸ್ಸುಲೆ ಮಕ್ಕಗ ಅರೆ ಟಿಕೆಟ್ ಇಲ್ಲೆಯಾ?” ಎಂದ ಭೋಜಣ್ಣ. ಮುಖ ಬಿಳಿಚಿಹೋಗಿತ್ತು.

“ನಿನ್ನ ಅರೆಗ ನಾ ಪೂರಾ ಹೋಗಿದ್ದೆ!” ಎಂದಳು ಕೆಸರು ಕೊಡವುತ್ತ ಮಾಮಿ. “ಎನ್ನ ಕತ್ತರಿ ಎಲ್ಲಿ, ನೋಡು ಮೊದಲು.”

ತಪ್ಪು ಅವನದಲ್ಲ. ಆ ಅರ್ಧ ಇದ್ದುದರಿಂದಲೇ ತಾಯಿ ಅಷ್ಟು ಕೆರಳಿದ್ದು; ಎಂದರೆ ಹೇಳಲೇಬೇಕಾದ ಸುದ್ದಿಯನ್ನೇ ಅವನು ಹೇಳಿದ್ದ. ಕೇಳಿಸಿಕೊಳ್ಳಲು ಬಾರದೆ ಇದ್ದದ್ದು ನನ್ನ ಪ್ರೋಗ್ರಾಂಗೆ. ಅಂದಿನಿಂದ ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಚೀಲ ಮೇಲೆ ಹಾರುತ್ತಿತ್ತು, ನಿದ್ದೆಯೂ ಹಾರುತ್ತಿತ್ತು. ಒಮ್ಮೊಮ್ಮೆ ಅದು ಚೀಲವಾಗಿರುತ್ತಿರಲಿಲ್ಲ.

ತಿದ್ದಲು ಬೇಕಾದದ್ದು ಏಳೆಂಟು ಸಾಲು. ಕೇಳು, ಬಂದದ್ದನ್ನು ಪರೀಕ್ಷಿಸು, ಸರಿಯಿಲ್ಲದಿದ್ದರೆ ಏನು ಬೇಕೆಂದು ನಮ್ಮ ಮಾತಿನಲ್ಲೇ ಹೇಳಿ ಮತ್ತೆ ಕೇಳು. ಮೂರು ಸಲ ತಪ್ಪಿದರೆ ಎಣಿಕೆ ಹಾಳಾಗಲಿ, ಬಿಡದೆ ಕೂಗು. ಈ ಕೊನೆಯ ಸಾಲಿನ ಬಗ್ಗೆ ನನಗೆ ಪದವಿಗಿಂತ ಹೆಚ್ಚು ಹೆಮ್ಮೆ. ಗಾಬರಿಯಲ್ಲಿರುವವರ ಹತ್ತಿರ ವ್ಯಾಕರಣ ಕೇಳಬಾರದು ಎಂಬುದನ್ನು ನಾನು ಯಾವ ಪಾಠದಲ್ಲೂ ಕಲಿತಿರಲಿಲ್ಲ.

ಸೈರನ್ನಿನ ತಂತಿ ಬಿಚ್ಚಿಟ್ಟು, ಕೆಡಿಸಿ ನೋಡಿ ಎಂದು ಹಟ್ಟಿಯ ಹೆಂಗಸರನ್ನು ಕರೆದೆ. ಇಂಥ ಆಹ್ವಾನ ಯಾರು ಬಿಡುತ್ತಾರೆ? ಒಬ್ಬಳು ಗಂಡನ ಹೆಸರು ಒತ್ತಿದಳು. ಒಬ್ಬಳು ಮೈನಸ್ ನಾಲ್ಕು ಒತ್ತಿದಳು. ಮಾಮಿ ತರಚಿದ ಮೊಣಕೈಯನ್ನೇ ಕೀಲಿಮಣೆಯ ಮೇಲೆ ಊರಿದಳು. ಪ್ರತಿಯೊಬ್ಬರಿಗೂ ಹೊಸದಾಗಿ ಶುರುಮಾಡಿದ ಪ್ರೋಗ್ರಾಂ ಪ್ರತಿ ಸಲವೂ ಮರ್ಯಾದೆಯಿಂದ ಮತ್ತೆ ಕೇಳಿತು.

“ಇದುಗ ಕೋಪವೇ ಬಾರಾದು,” ಎಂದಳು ಮಾಮಿ. “ನಿನಗಿಂತ ಇದು ವಾಸಿ, ಕೂಸೆ.”

ತಂತಿ ಮತ್ತೆ ಜೋಡಿಸಿದೆ. ಮುಂದಿನ ಗುರುವಾರ ಭೋಜಣ್ಣ ಕೋತಗಿರಿಗೆ ಹೋಗಿದ್ದಾಗ ಶೆಡ್ಡಿನಲ್ಲಿ ಕೂತವಳು ಮಾಮಿಯೇ. ಕಾಡೆಮ್ಮೆಗಳು ಇಳಿದವು. ಅವಳು ಅವಸರದಲ್ಲಿ ಮೊದಲು ತೋಟದ ಹೆಸರು ಒತ್ತಿದಳಂತೆ. ಅದು ಎಷ್ಟು ಎಂದು ಮತ್ತೆ ಕೇಳಿತಂತೆ. ನಾನು ಮನೆಯ ಅಂಗಳದಲ್ಲಿ ನಿಂತು ಕೇಳಿದೆ: ನಾಲ್ಕು ಸಲ, ಬೆಟ್ಟವೇ ಅದುರುವಂತೆ. ಕೆಳಗಿನಿಂದ ಐದು ಹೆಂಗಸರು ಚೀಲ ಹೊತ್ತು, ಪರಸ್ಪರ ಬೈದುಕೊಳ್ಳುತ್ತ ಮೇಲೆ ಬಂದರು. ನಾನು ಅವರನ್ನು ಎರಡು ಸಲ ಎಣಿಸಿದೆ.

ಆ ರಾತ್ರಿ ಮಲಗಿದ ನನ್ನನ್ನು ಶುಕ್ರವಾರ ಅವ್ವೆ ಅಲುಗಿಸಿ ಎಬ್ಬಿಸಿದಾಗ ಬಿಸಿಲು ಹಾಸಿಗೆಗೆ ಬಂದಿತ್ತು. ಬಸ್ಸು ಹೋಗಿ ಒಂದು ಗಂಟೆಯಾಗಿದೆ ಎಂದಳು. ಮಗ್ಗುಲು ಬದಲಿಸಿದೆ.