ಮುಳ್ಳು ನಡುವಿಗೆ ಬರುವ ತನಕ

ಬೆಳಗಿನ ಏಳು ಗಂಟೆ. ಮಗಳ ಒಂದು ಜಡೆ ಹೆಣೆದು ಮುಗಿದಿದೆ, ಇನ್ನೊಂದು ಕಡೆಯ ಕೂದಲು ತಾಯಿಯ ಕೈಯಲ್ಲೇ ಇದೆ. ಅಷ್ಟರಲ್ಲಿ ಫೋನು. ಮಗಳನ್ನು ಕರೆದೊಯ್ಯಲು ಬರಬೇಕಾದ ಶಾಲಾ ವ್ಯಾನಿನ ಚಾಲಕ.

“ಅಕ್ಕಾ, ಹೋದ ವಾರ ನೀವು ರಿಪೇರಿ ಮಾಡಿದ್ರಲ್ಲ ಬಿಸಿ ತೋರಿಸೋ ಮುಳ್ಳು, ಕೆಂಪಿಗೆ ಹೋಗಿತ್ತು. ನಿಮ್ಮನ್ನ ಬೈಕೊಂಡೇ ಬಂದೆ. ಈಗ ತಾನಾಗೇ ಪೂರ್ತಿ ಕೆಳಗಿಳೀತು. ಬದುಕಿದೆ!”

“ಗಾಡಿ ಆಫ್ ಮಾಡು.”

“ನಿಮ್ಮ ಬೀದಿ ಕೊನೇಲೇ ಇದೀನಕ್ಕಾ, ಹನ್ನೊಂದು ಮಕ್ಕಳು...”

“ಇನ್ನೊಂದು ಮಾರೂ ಬೇಡ. ಮಕ್ಕಳನ್ನ ಇಳಿಸು. ನಾನು ಬರೋ ತನಕ ರೇಡಿಯೇಟರ್ ಮುಚ್ಚಳ ಮುಟ್ಟಿದ್ರೆ ನೋಡು!”

ಬಾಚಣಿಗೆ ಕಿಟಕಿಯ ಮೇಲೆ ಕೂರುತ್ತದೆ. ತಾಯಿ ಓಡುತ್ತಾರೆ, ಬಿಚ್ಚುಗೂದಲೂ ರಿಬ್ಬನ್ನೂ ಹಿಡಿದುಕೊಂಡು ಮಗಳೂ ಹಿಂದೆಯೇ.

ಈ ತಾಯಿಯನ್ನು ಇಲ್ಲಿನ ಚಾಲಕರೆಲ್ಲ ‘ಮುಳ್ಳಕ್ಕ’ ಎನ್ನುತ್ತಾರೆ. ಹನ್ನೆರಡು ವರ್ಷಗಳಿಂದ ಅವರ ಕೆಲಸ ಗಾಡಿಗಳ ಮೀಟರ್ ರಿಪೇರಿ. ಮುಂದಿನ ಕೋಣೆಯ ಮೇಜೇ ಅಂಗಡಿ. ಬೆಳಗಿನ ಐದಕ್ಕೆ ದೀಪ ಹಾಕಿದರೆ ದಿನಕ್ಕೆ ಮೂರೋ ನಾಲ್ಕೋ ಮೀಟರ್ ಮುಗಿಯುತ್ತವೆ. ಸೋದರಮಾವನ ಬಳಿ ಕಲಿತ ವಿದ್ಯೆ. ಮೊದಮೊದಲು ಬಂದವರೆಲ್ಲ ಇಣುಕಿ, “ಮೇಸ್ತ್ರಿ ಇಲ್ವಾ?” ಎನ್ನುತ್ತಿದ್ದರು. “ಇದಾರೆ, ಒಲೆ ಮೇಲೆ ಹಾಲಿಟ್ಟಿದಾರೆ, ಕೂತ್ಕೊಳ್ಳಿ ಅಂತಿದ್ದೆ,” ಎಂದು ನಗುತ್ತಾರೆ.

ಬೀದಿಯ ಕೊನೆಯಲ್ಲಿ ಮಕ್ಕಳು ಜಗಲಿಯೊಂದರ ಮೇಲೆ ಸಾಲಾಗಿ ಕುಳಿತಿದ್ದಾರೆ. ಎಂಜಿನ್ ತಣಿಯಲು ಬಿಟ್ಟು ಮುಳ್ಳಕ್ಕ ವ್ಯಾನಿನ ಕೆಳಗೆ ಬಗ್ಗುತ್ತಾರೆ. ನೀರಿನ ಪೈಪು ಸೀಳಿದೆ, ಹನಿ ನೀರೂ ಉಳಿದಿಲ್ಲ.

“ಮುಳ್ಳು ಇಳೀತಲ್ಲಕ್ಕಾ!” ಚಾಲಕನಿಗೆ ಇನ್ನೂ ನಂಬಿಕೆಯಿಲ್ಲ.

“ಅದು ಅಳೆಯೋದು ನೀರಿನ ಬಿಸಿ ಕಣಪ್ಪಾ. ನೀರೇ ಇಲ್ಲದ ಮೇಲೆ ಏನು ಅಳೆಯುತ್ತೆ? ಏರಿದಾಗಲೇ ನಿಲ್ಲಿಸಬೇಕಿತ್ತು. ದಿಢೀರ್ ಅಂತ ಇಳಿದ್ರೆ ಇನ್ನೂ ಹೆದರಬೇಕು.”

ಮೆಕ್ಯಾನಿಕ್ ಬಂದು ಪೈಪು ಬದಲಿಸಿ ನೀರು ತುಂಬಿಸುವಾಗ ಎಂಟೂಕಾಲು. ಕೀಲಿ ತಿರುಗುತ್ತದೆ. ಎಲ್ಲರ ಕಣ್ಣೂ ಕಡ್ಡಿಯಷ್ಟು ಸಣ್ಣ ಆ ಮುಳ್ಳಿನ ಮೇಲೆ. ಅದು ಮೆಲ್ಲಗೆ ಎದ್ದು ನಟ್ಟನಡುವೆ ಬಂದು ನಿಲ್ಲುತ್ತದೆ. ಹತ್ತು ನಿಮಿಷವಾದರೂ ಅಲ್ಲಾಡುವುದಿಲ್ಲ. ಎಂಜಿನ್ ಉಳಿದಿದೆ.

“ಇನ್ನೆರಡು ತಿರುವು ಓಡ್ಸಿದ್ರೆ ನನ್ನ ಹೊಟ್ಟೆಪಾಡೇ ಹೋಗ್ತಿತ್ತು,” ಎನ್ನುತ್ತಾ ಚಾಲಕ ವ್ಯಾನಿನ ಮೆಟ್ಟಿಲ ಮೇಲೆ ಕೂರುತ್ತಾನೆ. “ಬೈದಿದ್ದಕ್ಕೆ ತಪ್ಪಾಯ್ತಕ್ಕಾ.”

“ಬೈಕೋ ಪರವಾಗಿಲ್ಲ. ನೋಡೋದು ಮಾತ್ರ ಬಿಡಬೇಡ. ನಾನು ಕೂರಿಸಿದ ಮುಳ್ಳು ಸುಮ್ಸುಮ್ನೆ ಕುಣಿಯಲ್ಲ.”

ಮಕ್ಕಳು ನಗುತ್ತಾ ವ್ಯಾನು ಹತ್ತುತ್ತಾರೆ. ಮಗಳು ಮಸಿ ಮೆತ್ತಿದ ತಾಯಿಯ ಕೈಯನ್ನೂ ತನ್ನ ಮುಷ್ಟಿಯಲ್ಲಿರುವ ರಿಬ್ಬನ್ನನ್ನೂ ನೋಡಿ ಕೊನೆಗೂ ಕೇಳುತ್ತಾಳೆ:

“ಅಮ್ಮಾ, ನಾನು ಒಂದೇ ಜಡೇಲಿ ಹೋಗೋದಾ?”