ಕಾಲು ತಾನಾಗಿ ಪೆಡಲ್ ತುಳಿದಾಗ

“ಯಾರೂ ಮುಟ್ಬ್ಯಾಡಿ, ಕರೆಂಟು ಹೊಡೀತಾ ಐತೆ!” ಎಂದು ಕೂಗುತ್ತಾ ನಮ್ಮ ಮಾವ ಊರುಗೋಲು ಎತ್ತಿಕೊಂಡು ಒಳಗೆ ನುಗ್ಗಿದರು. ರಾಮನಗರದ ಫಿಸಿಯೋಥೆರಪಿ ಕೋಣೆಯಲ್ಲಿ ನನ್ನ ಗಂಡನ ತೊಡೆಗಳಿಗೆ ಪಟ್ಟಿ ಅಂಟಿಸಿ, ವೈರ್ ಸಿಕ್ಕಿಸಿ, ಪಾದಗಳನ್ನು ಸೈಕಲ್ ಪೆಡಲಿಗೆ ಬಿಗಿದಿದ್ದರು. ರೇಷ್ಮೆ ಹುಳು ಸಾಕುವ ಮನೆಯ ಚಾವಣಿ ಶೀಟಿನ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಒಂದು ಸಲವೂ ಮಿಸುಕದಿದ್ದ ಆ ಕಾಲುಗಳು ಈಗ ತಾವಾಗಿಯೇ ಪೆಡಲ್ ತುಳಿಯುತ್ತಿದ್ದವು!

ತೋಟದ ಪಂಪ್‌ಸೆಟ್ಟಿನಲ್ಲಿ ಯಾರಿಗಾದರೂ ಕರೆಂಟು ಹಿಡಿದರೆ, ಕೈಯಲ್ಲಿ ಮುಟ್ಟದೆ ಒಣಕೋಲಿನಿಂದ ಹೊಡೆದು ಬಿಡಿಸುವುದು ನಮ್ಮ ಕಡೆಯ ವಾಡಿಕೆ. ಮಾವ ವೈರಿಗೆ ಇನ್ನೇನು ಬೀಸಿಯೇ ಬಿಡುತ್ತಿದ್ದರು. ಫಿಸಿಯೋಥೆರಪಿ ಮೇಡಂ ಅಡ್ಡ ನಿಂತು, “ಕಾಲಿನ ಸ್ನಾಯು ಕೆಲಸ ಮಾಡಲಿ ಅಂತ ನಾವೇ ಸ್ವಲ್ಪ ಕರೆಂಟ್ ಕೊಡ್ತಿದ್ದೀವಿ ತಾತ” ಎಂದರು.

ಕೋಲು ನಿಧಾನವಾಗಿ ಕೆಳಗಿಳಿಯಿತು. ಮಾವ ಮಗನ ಹತ್ತಿರ ಬಾಗಿ, “ನೋಯ್ತಾ ಐತೇನ್ಲಾ?” ಎಂದು ಕೇಳಿದರು.

ಇವರು ತಮ್ಮ ಕಾಲುಗಳನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತಾ, “ಏನೂ ಗೊತ್ತಾಯ್ತಾ ಇಲ್ಲ ಕಣಪ್ಪ” ಎಂದರು.

ಮಾವ ಮೇಡಂ ಕಡೆ ತಿರುಗಿದರು. “ಹಂಗಾದ್ರೆ ಒಸಿ ಜಾಸ್ತಿ ಕೊಡಿ ಮೇಡಮ್ಮೋರೆ.”

ಈಗ ಚಿಕಿತ್ಸೆಗೆ ಬಂದಾಗಲೆಲ್ಲ ಮಾವ ಕೋಲನ್ನು ಬಾಗಿಲ ಹೊರಗೇ ಒರಗಿಸಿ ಒಳಗೆ ಬರುತ್ತಾರೆ. ಮಗನನ್ನು ಪ್ರತಿ ಸಲವೂ ‘ನೋಯ್ತಾ ಐತೇನ್ಲಾ?’ ಎಂದೇ ಕೇಳುತ್ತಾರೆ. ಇವರು ಒಮ್ಮೆಯಾದರೂ ‘ಹೂಂ, ನೋಯ್ತದೆ’ ಅನ್ನಲಿ ಎಂದು ನಾನೂ ಕಾಯುತ್ತೇನೆ.